ಒಂದು ಸರ್ವರ್, ಅರವತ್ತು ಹುಡುಗ್ರು: ಲಿನಕ್ಸಲ್ಲಿ ಯೂಸರ್‌ಗಳಿಗೆ ಲಿಮಿಟ್ ಹಾಕೋದು

ನಾನು ನೋಡ್ಕೊಳ್ಳೋ ಕಾಲೇಜ್ ಲ್ಯಾಬಲ್ಲಿ ಇರೋದು ಒಂದೇ ಸರ್ವರ್ರು, 16 ಕೋರು, 64 ಜಿಬಿ ರ್ಯಾಮು, ಉಬುಂಟು 22.04, ಅದರ ಮೇಲೆ ಅರವತ್ತು ಹುಡುಗ್ರ ಅಕೌಂಟು. ಒಂದಿನ ಆಪರೇಟಿಂಗ್ ಸಿಸ್ಟಮ್ ಲ್ಯಾಬಲ್ಲಿ ಫೋರ್ಕ್ ಪ್ರೋಗ್ರಾಮ್, ಅಂದ್ರೆ ಓಡ್ತಿರೋ ಪ್ರೋಗ್ರಾಮ್ ತನ್ನದೇ ಇನ್ನೊಂದು ನಕಲು ಹುಟ್ಟಿಸೋದನ್ನ, ಬರೆಸ್ತಿದ್ರು, ಒಬ್ಬ ಪುಣ್ಯಾತ್ಮ ಆ ಫೋರ್ಕನ್ನ ಮುಗಿಯದ ವೈಲ್ ಲೂಪ್ ಒಳಗಿಟ್ಟು ಎಂಟರ್ ಹೊಡ್ದ. ಸ್ವಲ್ಪ ಹೊತ್ತಲ್ಲಿ ಎಲ್ಲರ ಟರ್ಮಿನಲ್ಲೂ ಕಲ್ಲಾಯ್ತು, ನಾನು ಒಳಗೆ ಹೋಗಿ ಅದನ್ನ ಕೊಲ್ಲೋಣ ಅಂದ್ರೆ ನನ್ನ ಲಾಗಿನ್ನಿಗೂ ಸಿಪಿಯು ಪಾಳಿ ಬರ್ತಿಲ್ಲ, ಕೊನೆಗೆ ಪವರ್ ಬಟನ್ ಒತ್ತಿ ಹಿಡ್ಕೊಂಡೆ, ಸೇವ್ ಮಾಡದೇ ಕೂತಿದ್ದ ಮಿಕ್ಕವರೆಲ್ಲ ನನ್ನನ್ನ ಹೆಂಗ್ ನೋಡಿದ್ರು ಅಂತ ಹೇಳೋದು ಬೇಡ. ಆ ಸಂಜೆ ಕೂತು ಲಿಮಿಟ್ ಹಾಕಿದೆ, ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ, ಹಂಗೆ. ಹಾಕಿದ್ದೂ ತಪ್ಪಾಗಿತ್ತು, ಮೂರು ಸಲ ತಿದ್ದಿದೀನಿ. ಆ ತಪ್ಪುಗಳನ್ನೂ ಸೇರಿಸಿ ಬರೀತಿದೀನಿ, ನಿಮಗೆ ಸುತ್ತಾಟ ಉಳೀಲಿ ಅಂತ.

ಒಂದು ಮಾತು ಮೊದಲೇ. ಕಮಾಂಡು, ಫೈಲ್ ಹೆಸ್ರು ಎಲ್ಲಾ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ಟರ್ಮಿನಲ್ಲಲ್ಲಿ ಇಂಗ್ಲಿಷಲ್ಲಿ ಹೊಡ್ಕೊಳಿ, ಎಲ್ಲಿ ಕ್ಯಾಪಿಟಲ್ ಅಕ್ಷರ ಬೇಕೋ ಅಲ್ಲಿ ಹೇಳ್ತೀನಿ. ಮತ್ತೆ ಈ ಕೆಲ್ಸ ಮಾಡೋವಾಗೆಲ್ಲ ಇನ್ನೊಂದು ವಿಂಡೋದಲ್ಲಿ ರೂಟ್ (ಎಲ್ಲಾ ಅಧಿಕಾರ ಇರೋ ಅಕೌಂಟು) ಲಾಗಿನ್ ಒಂದನ್ನ ತೆರೆದೇ ಇಟ್ಕೊಂಡಿರಿ, ಮುಚ್ಬೇಡಿ. ಲಿಮಿಟ್ ತಪ್ಪಾಗಿ ನೀವೇ ಹೊರಗುಳಿದ್ರೆ ವಾಪಸ್ ಬರೋಕೆ ಅದೊಂದೇ ಬಾಗ್ಲು.

ಮೊದಲು ಈಗ ಏನಿದೆ ನೋಡಿ. ಮಾಮೂಲಿ ಯೂಸರ್ ಆಗಿ ಲಾಗಿನ್ ಆಗಿ 'ಯುಲಿಮಿಟ್ -ಎ' ಹೊಡೀರಿ, ಉದ್ದ ಪಟ್ಟಿ ಬರತ್ತೆ. ಅದರಲ್ಲಿ ಮ್ಯಾಕ್ಸ್ ಯೂಸರ್ ಪ್ರೋಸೆಸಸ್ ಅನ್ನೋ ಸಾಲು ನೋಡಿ, ನಮ್ಮ ಮಷೀನಲ್ಲಿ ಎರಡೂವರೆ ಲಕ್ಷದ ಹತ್ರ ಇತ್ತು, ಯಾಕಂದ್ರೆ ಕರ್ನಲ್ಲು (ಲಿನಕ್ಸಿನ ತಿರುಳು) ರ್ಯಾಮ್ ಎಷ್ಟಿದೆ ಅಂತ ನೋಡಿ ಆ ನಂಬರ್ ತಾನೇ ಹಾಕ್ಕೊಳತ್ತೆ. ಎರಡೂವರೆ ಲಕ್ಷ ಪ್ರೋಸೆಸ್ಸು ಒಬ್ಬ ಹುಡುಗನಿಗೆ! ಲಿಮಿಟ್ ಇದೆ ಅಂತ ಹೆಸರಿಗಷ್ಟೆ. ಮೆಮೊರಿ ಸಾಲಲ್ಲಿ ಅನ್‌ಲಿಮಿಟೆಡ್ ಅಂತಾನೇ ಇರತ್ತೆ.

ಪ್ರತಿ ಲಿಮಿಟ್‌ಗೂ ಎರಡು ಮಟ್ಟ, ಸಾಫ್ಟು ಮತ್ತೆ ಹಾರ್ಡು. ಸಾಫ್ಟ್ ಅನ್ನೋದು ಈಗ ಜಾರಿಲಿರೋದು, ಯೂಸರ್ ಬೇಕಾದ್ರೆ ಅದನ್ನ ಹಾರ್ಡ್ ವರೆಗೂ ತಾನೇ ಏರಿಸ್ಕೋಬಹುದು. ಹಾರ್ಡನ್ನ ಇಳಿಸ್ಬಹುದು, ಇಳಿಸಿದ್ಮೇಲೆ ಮತ್ತೆ ಏರ್ಸೋಕೆ ರೂಟೇ ಬೇಕು. 'ಯುಲಿಮಿಟ್ -ಎಚ್‌ಎ' ಅಂದ್ರೆ ಹಾರ್ಡ್ ಪಟ್ಟಿ ಕಾಣತ್ತೆ, ಅಲ್ಲಿ ಎಚ್ ಕ್ಯಾಪಿಟಲ್ಲು. ಇದು ಇವತ್ತಿನ ವ್ಯವಸ್ಥೆ ಅಲ್ಲ, 1983ರ 4.2 ಬಿಎಸ್‌ಡಿ ಯುನಿಕ್ಸ್ ಕಾಲದ್ದು, ಒಂದು ಮಷೀನು ಎಲ್ಲರೂ ಹಂಚ್ಕೊಂಡು ಬಳಸ್ತಿದ್ದ ಕಾಲ. ಈ ಹಳೇತನಾನೇ ಮುಂದೆ ತೊಂದ್ರೆ ಕೊಡತ್ತೆ, ಬರ್ತೀನಿ ಅಲ್ಲಿಗೆ.

ಈಗ ಹಾಕೋ ಜಾಗ. '/ಇಟಿಸಿ/ಸೆಕ್ಯುರಿಟಿ/ಲಿಮಿಟ್ಸ್.ಕಾನ್ಫ್' ಅಂತ ಫೈಲ್ ಇದೆ, ಅದನ್ನ ನೇರ ಮುಟ್ಟೋ ಬದ್ಲು ಪಕ್ಕದ 'ಲಿಮಿಟ್ಸ್.ಡಿ' ಫೋಲ್ಡರಲ್ಲಿ '50-ಲ್ಯಾಬ್.ಕಾನ್ಫ್' ಅಂತ ಹೊಸದೊಂದು ಮಾಡ್ಕೊಳಿ, ಅಪ್‌ಗ್ರೇಡ್ ಮಾಡುವಾಗ ಗಲಾಟೆ ಇರಲ್ಲ. ಸಾಲಿಗೆ ನಾಕು ಕಾಲಮ್ಮು: ಯಾರಿಗೆ, ಸಾಫ್ಟಾ ಹಾರ್ಡಾ, ಯಾವ್ದಕ್ಕೆ, ಎಷ್ಟು. ಯಾರಿಗೆ ಅನ್ನೋ ಕಡೆ ಯೂಸರ್ ಹೆಸ್ರು ಬರೀಬಹುದು, ಇಲ್ಲಾ @ ಹಾಕಿ ಗ್ರೂಪ್ ಹೆಸ್ರು, ಇಲ್ಲಾ ಎಲ್ಲರಿಗೂ ಅಂತ * ಗುರ್ತು. ನಾನು ಸ್ಟುಡೆಂಟ್ಸ್ ಅಂತ ಗ್ರೂಪ್ ಮಾಡಿ ಅದಕ್ಕೇ ಹಾಕಿದೀನಿ, ನೀವೂ ಹಂಗೇ ಮಾಡಿ, ನಕ್ಷತ್ರ ಹಾಕಿದ್ರೆ ಡೇಟಾಬೇಸ್ ನಡ್ಸೋ ಅಕೌಂಟಿಗೆ ಯಾರಾದ್ರೂ ಎಸ್‌ಯು ಮಾಡಿ ಹೋದಾಗ ಅದಕ್ಕೂ ತಗಲಾಕ್ಕೊಳತ್ತೆ. ರೂಟಿಗೆ ಮಾತ್ರ ನಕ್ಷತ್ರವೂ ಗ್ರೂಪೂ ಲೆಕ್ಕಕ್ಕಿಲ್ಲ, ರೂಟ್ ಅಂತ ಹೆಸರಿಟ್ಟು ಬರೆದ್ರೆ ಮಾತ್ರ ಲಿಮಿಟ್ ಬೀಳತ್ತೆ. ಗ್ರೂಪಿಗೊಂದು, ಒಬ್ಬನಿಗೆ ಅಂತ ಬೇರೆ ಒಂದು ಬರೆದಿದ್ರೆ ಹೆಸರಿಟ್ಟು ಬರೆದಿದ್ದೇ ಗೆಲ್ಲತ್ತೆ.

ನನ್ನ ಫೈಲಲ್ಲಿರೋ ಸಾಲುಗಳು ಇಷ್ಟೇ:

@ಸ್ಟುಡೆಂಟ್ಸ್ ಸಾಫ್ಟ್ ಎನ್‌ಪ್ರಾಕ್ 300
@ಸ್ಟುಡೆಂಟ್ಸ್ ಹಾರ್ಡ್ ಎನ್‌ಪ್ರಾಕ್ 500
@ಸ್ಟುಡೆಂಟ್ಸ್ ಹಾರ್ಡ್ ನೋಫೈಲ್ 8192
@ಸ್ಟುಡೆಂಟ್ಸ್ - ಕೋರ್ 0

ಮೂರನೇ ಪದ ಇಂಗ್ಲಿಷಲ್ಲಿ ಎನ್ ಆದ್ಮೇಲೆ ಪ್ರಾಕ್, ನೋ ಆದ್ಮೇಲೆ ಫೈಲ್, ನಡುವೆ ಜಾಗ ಬಿಡಬಾರ್ದು. ಮೊದಲಿನದ್ದು ಎಷ್ಟು ಪ್ರೋಸೆಸ್ ಅನ್ನೋದು, ಎರಡನೇದು ಒಟ್ಟಿಗೆ ಎಷ್ಟು ಫೈಲ್ ತೆರೆದಿಡಬಹುದು ಅನ್ನೋದು. ಕೊನೇ ಸಾಲಲ್ಲಿರೋ ಅಡ್ಡಗೀಟಂದ್ರೆ ಸಾಫ್ಟು ಹಾರ್ಡು ಎರಡಕ್ಕೂ ಅಂತ. ಕೋರ್ ಸೊನ್ನೆ ಮಾಡಿದ್ದು ಯಾಕಂದ್ರೆ ಸಿ ಪ್ರೋಗ್ರಾಮ್ ಬಿದ್ದಾಗೆಲ್ಲ ಕೋರ್ ಡಂಪ್ (ಆಗಿನ ಮೆಮೊರಿಯ ನಕಲಿರೋ ಫೈಲು) ಬಿದ್ದು ಡಿಸ್ಕ್ ತುಂಬದಿರ್ಲಿ ಅಂತ, ತಪ್ಪು ಹುಡುಕೋ ಜಿಡಿಬಿ ಕಲಿಸೋ ವಾರ ತೆಗ್ದಿಡ್ತೀನಿ.

ಎನ್‌ಪ್ರಾಕ್ ನಂಬರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನಾನು ಮೊದಲು ಎಡವಿದ್ದೇ ಇಲ್ಲಿ. ಹೆಸ್ರು ಪ್ರೋಸೆಸ್ ಅಂತಿದ್ರೂ ಕರ್ನಲ್ ಎಣಿಸೋದು ಥ್ರೆಡ್ಡುಗಳನ್ನ, ಅಂದ್ರೆ ಒಂದು ಪ್ರೋಸೆಸ್ಸಿನೊಳಗೆ ಒಟ್ಟಿಗೆ ಓಡೋ ಎಳೆಗಳನ್ನ. ನಾನು ಜಾಣತನ ಮಾಡಿ 50 ಅಂತ ಹಾಕಿದ್ದೆ, ಒಬ್ಬ ಹುಡುಗ ಐವತ್ತಕ್ಕಿಂತ ಜಾಸ್ತಿ ಪ್ರೋಸೆಸ್ ಇಟ್ಕೊಂಡು ಏನ್ ಮಾಡ್ತಾನೆ ಅಂತ. ಮಾರನೇ ದಿನ ಬೆಳಗ್ಗೆ "ಸರ್ ವಿಎಸ್ ಕೋಡ್ ಕನೆಕ್ಟ್ ಆಗ್ತಿಲ್ಲ", "ಸರ್ ಜಾವಾ ಓಡ್ತಿಲ್ಲ", ಫೋನ್ ಮೇಲೆ ಫೋನು. ಜಾವಾ ಒಂದು ಚಿಕ್ಕ ಹಲೋ ಹೇಳೋಕೂ ಒಳಗೆ ಗಾರ್ಬೇಜ್ ಕಲೆಕ್ಟರ್ರು, ಕಂಪೈಲರ್ರು ಅಂತ ಹತ್ತಿಪ್ಪತ್ತು ಥ್ರೆಡ್ ಎಬ್ಬಿಸತ್ತೆ, ಕೋರ್ ಜಾಸ್ತಿ ಇದ್ದಷ್ಟೂ ಥ್ರೆಡ್ಡೂ ಜಾಸ್ತಿ, ವಿಎಸ್ ಕೋಡ್ ರಿಮೋಟ್ ಅಂತೂ ಒಂದಿಡೀ ಸಂಸಾರನೇ ಕರ್ಕೊಂಡು ಬರತ್ತೆ. ಅದಕ್ಕೆ ಊಹೆ ಮಾಡ್ಬೇಡಿ, ಲ್ಯಾಬ್ ತುಂಬಿರೋ ಹೊತ್ತಲ್ಲಿ 'ಪಿಎಸ್ -ಎಲ್ -ಯು' ಆದ್ಮೇಲೆ ಯೂಸರ್ ಹೆಸ್ರು ಹಾಕಿ (ಎಲ್ ಕ್ಯಾಪಿಟಲ್) ಅದನ್ನ 'ಡಬ್ಲ್ಯುಸಿ -ಎಲ್'ಗೆ ಪೈಪ್ ಮಾಡಿ (ಇಲ್ಲಿ ಎಲ್ ಚಿಕ್ಕದು), ಎಷ್ಟು ಸಾಲು ಬರತ್ತೆ ನೋಡಿ. ನಾಕೈದು ಜನರದ್ದು ನೋಡಿ, ಜಾಸ್ತಿ ಇರೋದನ್ನ ತಗೊಂಡು ಎರಡು ಪಟ್ಟು ಮಾಡಿ ಹಾಕಿ. ಲಿಮಿಟ್ ಮುಟ್ಟಿದಾಗ ಹುಡುಗ್ರಿಗೆ ಕಾಣೋದು 'ಫೋರ್ಕ್: ರಿಸೋರ್ಸ್ ಟೆಂಪರರಿಲಿ ಅನ್‌ಅವೈಲಬಲ್' ಅನ್ನೋ ಸಾಲು, ಇದನ್ನ ಲ್ಯಾಬ್ ಗೋಡೆ ಮೇಲೆ ಅಂಟಿಸ್ಬಿಡಿ, ಅರ್ಧ ಪ್ರಶ್ನೆ ಕಮ್ಮಿ ಆಗತ್ತೆ.

ಫೈಲ್ ಸೇವ್ ಮಾಡಿದ ತಕ್ಷಣ ಏನೂ ಆಗಲ್ಲ. ಇದನ್ನ ಓದೋದು ಲಾಗಿನ್ ನೋಡ್ಕೊಳ್ಳೋ ಪ್ಯಾಮ್ ಅನ್ನೋ ವ್ಯವಸ್ಥೆಯ ಪ್ಯಾಮ್ ಲಿಮಿಟ್ಸ್ ಮಾಡ್ಯೂಲು, ಅದೂ ಲಾಗಿನ್ ಆಗೋ ಹೊತ್ತಲ್ಲಿ ಮಾತ್ರ. ಈಗಾಗ್ಲೇ ಒಳಗಿರೋರಿಗೆ ಹಳೇ ಲಿಮಿಟ್ಟೇ. ಅವ್ರು ಲಾಗೌಟ್ ಆಗಿ ಬಂದ್ರೂ ಟೀಮಕ್ಸ್ (ಲಾಗೌಟ್ ಆದ್ರೂ ಟರ್ಮಿನಲ್ ಜೀವಂತ ಇಡೋ ಪ್ರೋಗ್ರಾಮು) ಬಳಸ್ತಿದ್ರೆ ಅದರೊಳಗೆ ಹಳೇದೇ ಇರತ್ತೆ, ಯಾಕಂದ್ರೆ ಟೀಮಕ್ಸ್ ಸರ್ವರ್ ಹುಟ್ಟಿದ್ದು ಹಳೇ ಲಾಗಿನ್ನಲ್ಲಿ, ಮಕ್ಕಳಿಗೆ ಹೋಗೋದು ಅಪ್ಪಂದೇ ಆಸ್ತಿ. ಇದನ್ನ ಕಂಡುಹಿಡಿಯೋಕೆ ನನಗೆ ಒಂದು ಮಧ್ಯಾಹ್ನ ಹಿಡೀತು. ಯಾವ್ದೇ ಓಡ್ತಿರೋ ಪ್ರೋಸೆಸ್ಸಿನ ನಿಜವಾದ ಲಿಮಿಟ್ ನೋಡ್ಬೇಕಂದ್ರೆ '/ಪ್ರಾಕ್' ಒಳಗೆ ಅದರ ಪಿಐಡಿ ನಂಬರಿನ ಫೋಲ್ಡರಲ್ಲಿ 'ಲಿಮಿಟ್ಸ್' ಅಂತ ಫೈಲಿದೆ, ಕ್ಯಾಟ್ ಮಾಡಿ. ಓಡ್ತಿರೋದಕ್ಕೇ ಬದಲಾಯಿಸ್ಬೇಕಾ, 'ಪಿಆರ್‌ಲಿಮಿಟ್' ಕಮಾಂಡ್ ಇದೆ.

ಇನ್ನೊಂದು, ಬ್ಯಾಕ್‌ಗ್ರೌಂಡಲ್ಲಿ ಓಡೋ ಸರ್ವಿಸ್‌ಗಳು, ಅಂದ್ರೆ ಎಂಜಿನ್‌ಎಕ್ಸು, ಮೈಎಸ್‌ಕ್ಯೂಎಲ್ ತರದವು, ಈ ಫೈಲನ್ನ ಕಣ್ಣೆತ್ತೂ ನೋಡಲ್ಲ. ಅವಕ್ಕೆ ಲಾಗಿನ್ನೇ ಇಲ್ವಲ್ಲ, ಅವನ್ನ ಎಬ್ಬಿಸೋದು ಸಿಸ್ಟಮ್‌ಡಿ. ಅವುಗಳ ಲಿಮಿಟ್ಟನ್ನ ಅದರದರ ಸರ್ವಿಸ್ ಫೈಲಲ್ಲೇ ಬರೀಬೇಕು. ಎಷ್ಟೋ ಜನ ಲಿಮಿಟ್ಸ್.ಕಾನ್ಫ್‌ನಲ್ಲಿ ಲಕ್ಷ ಅಂತ ಬರೆದು ಡೇಟಾಬೇಸ್ ಯಾಕೆ ಕೇಳ್ತಿಲ್ಲ ಅಂತ ತಲೆ ಚಚ್ಕೊಳ್ತಿರ್ತಾರೆ.

ಇಷ್ಟಾದ್ರೆ ಫೋರ್ಕ್ ಭೂತ ಕಟ್ಟಾಯ್ತು. ಮೆಮೊರಿಗೆ ಬರೋಣ, ಅಸಲಿ ಕಥೆ ಇರೋದೇ ಇಲ್ಲಿ.

ಅದೇ ಫೈಲಲ್ಲಿ 'ಎಎಸ್' ಅಂತ ಒಂದು ಐಟಮ್ ಇದೆ, ಅಡ್ರೆಸ್ ಸ್ಪೇಸು, ಕೆಬಿ ಲೆಕ್ಕದಲ್ಲಿ. 4 ಜಿಬಿಗೆ 4194304 ಅಂತ ಬರೆದ್ರೆ ಆಯ್ತಲ್ಲ ಅಂದ್ಕೊಂಡೆ ನಾನು. ಎರಡು ಕಡೆ ಹೊಡೆತ ಬಿತ್ತು. ಒಂದು, ಈ ಲೆಕ್ಕ ಮನುಷ್ಯನಿಗಲ್ಲ, ಒಂದೊಂದು ಪ್ರೋಸೆಸ್ಸಿಗೆ. ಒಬ್ಬ ಹತ್ತು ಪ್ರೋಸೆಸ್ ಎಬ್ಬಿಸಿದ್ರೆ ಹತ್ತಕ್ಕೂ ನಾಕ್ನಾಕು ಜಿಬಿ, 40 ಜಿಬಿ ತಿಂದ್ರೂ ಅವನು ಕಾನೂನು ಪ್ರಕಾರನೇ ತಿಂದಂಗೆ. ಎನ್‌ಪ್ರಾಕ್, ಲಾಗಿನ್ ಎಷ್ಟು ಅನ್ನೋ ತರದ ಒಂದೆರಡು ಬಿಟ್ರೆ ಈ ಫೈಲಲ್ಲಿರೋದು ಹೆಚ್ಚುಕಮ್ಮಿ ಎಲ್ಲಾ ಪ್ರೋಸೆಸ್ ಲೆಕ್ಕಾನೇ, ನಮಗೆ ಬೇಕಿರೋದು ಆಳಿನ ಲೆಕ್ಕ. ಪಂಕ್ತೀಲಿ ಒಂದು ಎಲೆಗೆ ನಾಕು ಹೋಳಿಗೆ ಅಂತ ನಿಯಮ ಮಾಡಿ, ಒಬ್ಬನೇ ಹತ್ತು ಎಲೆ ಹಾಕ್ಕೊಂಡು ಕೂತ್ರೆ ಏನೂ ಅನ್ನದೇ ಬಡಿಸ್ತಾ ಹೋದಂಗಾಯ್ತು. ಎರಡನೇದು, ಇದು ಎಣಿಸೋದು ನಿಜವಾಗಿ ಬಳಸಿದ ರ್ಯಾಮನ್ನಲ್ಲ, ಕಾಯ್ದಿರಿಸಿಕೊಂಡ ವಿಳಾಸದ ಜಾಗಾನ. ಬಸ್ ಸೀಟಿಗೆ ಟವಲ್ ಹಾಕ್ದಂಗೆ ಜಾವಾ, ನೋಡ್, ಗೋ ಎಲ್ಲಾ ಬಳಸ್ಲಿ ಬಿಡ್ಲಿ ಸಾಕಷ್ಟು ಜಾಗಕ್ಕೆ ಟವಲ್ ಹಾಕಿಡ್ತವೆ. ಜಿಸಿಸಿಯ ಅಡ್ರೆಸ್ ಸ್ಯಾನಿಟೈಸರ್ ಅಂತೂ ಟೆರಾಬೈಟ್ ಲೆಕ್ಕದಲ್ಲಿ ಹಾಕತ್ತೆ, ನಮ್ಮ ಸಿ ಲ್ಯಾಬಲ್ಲಿ ಪಾಯಿಂಟರ್ ತಪ್ಪು ಹಿಡಿಯೋಕೆ ಅದನ್ನೇ ಬಳಸೋದು, ಎಎಸ್ ಹಾಕಿದ ದಿನವೇ ಅದು ಏಳದೇ ಕೂತ್ಕೊಳ್ತು. ಹಂಗಾದ್ರೆ ಪಕ್ಕದಲ್ಲೇ 'ಆರ್‌ಎಸ್‌ಎಸ್' ಅಂತ ಇದ್ಯಲ್ಲ, ನಿಜವಾದ ಬಳಕೆ ಅದೇ ತಾನೇ ಅಂತ ಕೇಳ್ಬಹುದು. ಅದನ್ನ ಬರೀಬಹುದು, ಕರ್ನಲ್ ಮಾತ್ರ ಅದನ್ನ ಪಾಲಿಸೋದು ಬಿಟ್ಟು ಯಾವ್ದೋ ಕಾಲ ಆಗಿದೆ. ಅದನ್ನೇ ಹಾಕಿ ಅಂತ ಹೇಳೋ ಬರಹ ಕಂಡ್ರೆ ಮುಂದಿಂದು ಓದ್ಬೇಡಿ.

ಆಳಿನ ಲೆಕ್ಕಕ್ಕೆ ಬೇಕಿರೋದು ಸಿಗ್ರೂಪ್, ಪ್ರೋಸೆಸ್ಸುಗಳನ್ನ ಗುಂಪು ಮಾಡಿ ಇಡೀ ಗುಂಪಿಗೇ ಲಿಮಿಟ್ ಹಾಕೋ ಕರ್ನಲ್ ಸೌಲಭ್ಯ. ಗೂಗಲ್ಲಿನ ಎಂಜಿನಿಯರ್‌ಗಳು 2006ರಲ್ಲಿ ಶುರು ಮಾಡಿದ್ದು, 2008ರ ಜನವರಿಲಿ 2.6.24 ಕರ್ನಲ್ ಜೊತೆ ಎಲ್ಲರಿಗೂ ಸಿಕ್ತು, ಪ್ರೋಗ್ರಾಮುಗಳನ್ನ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಲಿ ಓಡಿಸೋ ಡಾಕರ್ ನಿಂತಿರೋದೂ ಇದರ ಮೇಲೇನೇ. ನಾವು ಇದನ್ನ ನೇರ ಮುಟ್ಟೋದು ಬೇಡ, ಸಿಸ್ಟಮ್‌ಡಿ ಆಗ್ಲೇ ಅರ್ಧ ಕೆಲ್ಸ ಮಾಡಿಟ್ಟಿದೆ: ಯಾರೇ ಲಾಗಿನ್ ಆದ್ರೂ ಅವರ ಯುಐಡಿ (ಅಕೌಂಟ್ ನಂಬರ್) ಹೆಸರಲ್ಲಿ ಒಂದು ಸ್ಲೈಸ್ ಮಾಡಿ, 1001 ಆದ್ರೆ 'ಯೂಸರ್-1001.ಸ್ಲೈಸ್', ಅವರು ಎಷ್ಟು ಸಲ ಲಾಗಿನ್ ಆಗ್ಲಿ, ಎಷ್ಟು ಪ್ರೋಸೆಸ್ ಎಬ್ಬಿಸ್ಲಿ, ಎಲ್ಲಾ ಅದೇ ಚೀಲದೊಳಗೆ ಹಾಕತ್ತೆ. ಆ ಚೀಲಕ್ಕೆ ಬಾಯಿ ಕಟ್ಟಿದ್ರೆ ಮುಗೀತು.

ಮೊದಲು ಸಿಗ್ರೂಪ್ ಎರಡನೇ ವರ್ಷನ್ ಇದ್ಯಾ ನೋಡ್ಕೊಳಿ, 'ಸ್ಟ್ಯಾಟ್ -ಎಫ್‌ಸಿ %ಟಿ /ಸಿಸ್/ಎಫ್‌ಎಸ್/ಸಿಗ್ರೂಪ್' ಅಂದಾಗ (ಟಿ ಕ್ಯಾಪಿಟಲ್) 'ಸಿಗ್ರೂಪ್2ಎಫ್‌ಎಸ್' ಅಂತ ಬರ್ಬೇಕು. ಉಬುಂಟು 22.04, ಡೆಬಿಯನ್ 11, ರೆಡ್‌ಹ್ಯಾಟ್ 9 ಇವುಗಳಲ್ಲೆಲ್ಲ ತಾನಾಗೇ ಇದೆ. ಒಬ್ಬನಿಗೆ ಮಾತ್ರ ಹಾಕ್ಬೇಕಂದ್ರೆ 'ಸಿಸ್ಟಮ್‌ಸಿಟಿಎಲ್ ಸೆಟ್-ಪ್ರಾಪರ್ಟಿ ಯೂಸರ್-1001.ಸ್ಲೈಸ್ ಮೆಮೊರಿಮ್ಯಾಕ್ಸ್=4ಜಿ' ಒಂದೇ ಸಾಲು ಸಾಕು, ಆ ಕ್ಷಣದಿಂದಲೇ ಜಾರಿ. ಎಲ್ಲರಿಗೂ ಅಂದ್ರೆ '/ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್' ಒಳಗೆ 'ಯೂಸರ್-.ಸ್ಲೈಸ್.ಡಿ' ಅಂತ ಫೋಲ್ಡರ್ ಮಾಡಿ, ಯೂಸರ್ ಆದ್ಮೇಲೆ ಅಡ್ಡಗೀಟು, ಅದಾದ್ಮೇಲೆ ನಂಬರ್ ಇಲ್ದೆ ನೇರ ಚುಕ್ಕಿ, ತಪ್ಪು ಬರ್ದಂಗೆ ಕಾಣತ್ತೆ ಆದ್ರೆ ಅದೇ ಸರಿ. ಅದರೊಳಗೆ '50-ಲ್ಯಾಬ್.ಕಾನ್ಫ್':

[ಸ್ಲೈಸ್]
ಮೆಮೊರಿಹೈ=3ಜಿ
ಮೆಮೊರಿಮ್ಯಾಕ್ಸ್=4ಜಿ
ಮೆಮೊರಿಸ್ವಾಪ್‌ಮ್ಯಾಕ್ಸ್=512ಎಂ
ಟಾಸ್ಕ್ಸ್‌ಮ್ಯಾಕ್ಸ್=600
ಸಿಪಿಯುವೇಟ್=100

ಇವುಗಳಲ್ಲಿ ಕೂಡಿರೋ ಪ್ರತಿ ಪದದ ಮೊದಲ ಅಕ್ಷರ ಕ್ಯಾಪಿಟಲ್, ಸಿಪಿಯು ಪೂರ್ತಿ ಕ್ಯಾಪಿಟಲ್, ನಂಬರ್ ಮುಂದಿನ ಜಿ, ಎಂ ಕೂಡ. ನಡುವೆ ಖಾಲಿ ಜಾಗ ಎಲ್ಲೂ ಇಲ್ಲ. ಆಮೇಲೆ 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್', ಎಲ್ಲರನ್ನೂ ಒಂದ್ಸಲ ಲಾಗೌಟ್ ಮಾಡಿಸಿ.

ಸ್ವಾಪ್ ಅಂದ್ರೆ ರ್ಯಾಮ್ ಸಾಲದಾಗ ಬಳಸೋ ಡಿಸ್ಕಿನ ಜಾಗ, ಟಾಸ್ಕ್ ಅಂದ್ರೆ ಪ್ರೋಸೆಸ್ಸು ಥ್ರೆಡ್ಡುಗಳ ಎಣಿಕೆ, ವೇಟ್ ಬಗ್ಗೆ ಆಮೇಲೆ ಹೇಳ್ತೀನಿ. ಮೆಮೊರಿಹೈ ಅಂದ್ರೆ ಎಚ್ಚರಿಕೆ ಗೆರೆ, ದಾಟಿದ್ರೆ ಕೊಲ್ಲಲ್ಲ, ಅವನ ಕೆಲ್ಸಾನ ನಿಧಾನ ಮಾಡಿ ಮೆಮೊರಿ ವಾಪಸ್ ಎಳ್ಕೊಳೋಕೆ ನೋಡತ್ತೆ. ಮೆಮೊರಿಮ್ಯಾಕ್ಸ್ ಅಂದ್ರೆ ಗೋಡೆ. ಅಲ್ಲಿಗೆ ಮುಟ್ಟಿದ್ರೆ ಕರ್ನಲ್ಲು ಆ ಚೀಲದೊಳಗಿರೋದನ್ನೇ ಒಂದನ್ನ ಆರಿಸಿ ಕೊಲ್ಲತ್ತೆ, ಪಕ್ಕದವನ ಪ್ರೋಗ್ರಾಮ್ ಮುಟ್ಟಲ್ಲ. ಮಾಡಿದ್ದುಣ್ಣೋ ಮಹಾರಾಯ, ಇಷ್ಟೇ ತಾನೇ ನಮಗೆ ಬೇಕಿದ್ದಿದ್ದು! ಹುಡುಗನ ಟರ್ಮಿನಲ್ಲಲ್ಲಿ ಬರೋದು 'ಕಿಲ್ಡ್' ಅನ್ನೋ ಒಂದು ಪದ, ಅವನು ಸರ್ವರ್ ಸರಿ ಇಲ್ಲ ಸರ್ ಅಂತ ಬರ್ತಾನೆ, ಆಗ 'ಜರ್ನಲ್‌ಸಿಟಿಎಲ್ -ಕೆ' ಹೊಡೆದು 'ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ' ಅನ್ನೋ ಸಾಲಲ್ಲಿ ಅವನ ಪ್ರೋಗ್ರಾಮಿನ ಹೆಸ್ರೇ ತೋರಿಸ್ಬಿಡಿ, ಸುಮ್ನಾಗ್ತಾನೆ.

60 ಜನಕ್ಕೆ 4 ಜಿಬಿ ಅಂದ್ರೆ 240 ಆಯ್ತು, ಇರೋದು 64 ಅಂತ ಲೆಕ್ಕ ಹಾಕ್ತಿದೀರಾ? ಎಲ್ಲರೂ ಒಟ್ಟಿಗೆ ತಿನ್ನಲ್ಲ, ಒಂದೊಂದು ಜಿಬಿ ಅಂತ ಹಂಚಿದ್ರೆ ಯಾರಿಗೂ ಏನೂ ಮಾಡೋಕಾಗಲ್ಲ, ಮಷೀನು ಖಾಲಿ ಕೂತಿರತ್ತೆ. ಅದರ ಬದ್ಲು ಒಟ್ಟು ಮೊತ್ತಕ್ಕೆ ಮೇಲಿಂದ ಒಂದು ಗೋಡೆ: 'ಸಿಸ್ಟಮ್‌ಸಿಟಿಎಲ್ ಸೆಟ್-ಪ್ರಾಪರ್ಟಿ ಯೂಸರ್.ಸ್ಲೈಸ್ ಮೆಮೊರಿಮ್ಯಾಕ್ಸ್=56ಜಿ'. ಯೂಸರ್.ಸ್ಲೈಸ್ ಅಂದ್ರೆ ಎಲ್ಲಾ ಚೀಲಗಳನ್ನ ಹಾಕಿರೋ ದೊಡ್ಡ ಮೂಟೆ. ಉಳಿದ 8 ಜಿಬಿ ಸಿಸ್ಟಮ್ಮಿನ ಸ್ವಂತ ಸರ್ವಿಸ್‌ಗಳಿಗೆ, ಎಸ್‌ಎಸ್‌ಎಚ್ ಉಸಿರಾಡ್ಬೇಕಲ್ಲ.

ಸಿಪಿಯುಗೆ 'ಸಿಪಿಯುಕೋಟಾ=200%' ಅಂತಾನೂ ಹಾಕ್ಬಹುದು, ಅಂದ್ರೆ ಎರಡು ಕೋರಷ್ಟೇ. ನನಗೆ ಇಷ್ಟ ಇಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬನೇ ಕೂತು ಪ್ರಾಜೆಕ್ಟ್ ಓಡಿಸ್ತಿದ್ರೂ ಎರಡೇ ಕೋರು, ಮಿಕ್ಕ ಹದಿನಾಕು ಸುಮ್ನೆ ಬಿಸಿ ಗಾಳಿ ಬಿಡ್ತಿರತ್ತೆ. ವೇಟ್ ಆದ್ರೆ ಹಂಗಲ್ಲ, ನೂಕುನುಗ್ಗಲು ಇದ್ದಾಗ ಮಾತ್ರ ಎಲ್ಲರಿಗೂ ಸಮಪಾಲು, ಖಾಲಿ ಇದ್ದಾಗ ಎಷ್ಟು ಬೇಕಾದ್ರೂ ತಗೋ. ಒಬ್ಬ ಐವತ್ತು ಪ್ರೋಸೆಸ್ ಬಿಟ್ರೂ ಅವನ ಚೀಲದ ಪಾಲು ಒಂದೇ.

ಈಗ ನಾನು ನನ್ನ ಕಾಲ ಮೇಲೇ ಕಲ್ಲು ಹಾಕ್ಕೊಂಡಿದ್ದು. ಆ ಅಡ್ಡಗೀಟಿನ ಫೋಲ್ಡರ್ ಇದ್ಯಲ್ಲ, ಅದು ರೂಟಿಗೂ ಅನ್ವಯಿಸತ್ತೆ! ಲಿಮಿಟ್ಸ್.ಕಾನ್ಫಲ್ಲಿ ರೂಟಿಗೆ ಸಿಕ್ಕ ರಿಯಾಯ್ತಿ ಇಲ್ಲಿಲ್ಲ. ರೂಟಾಗಿ ಲಾಗಿನ್ ಆದ್ರೆ ಯೂಸರ್-0.ಸ್ಲೈಸ್, ಅದಕ್ಕೂ ನಾಕೇ ಜಿಬಿ. ಇನ್ನೊಂದು, ನೀವು ನಿಮ್ಮ ಅಕೌಂಟಿಂದ ಸುಡೋ ಹೊಡೆದ್ರೆ ಆ ಕೆಲ್ಸ ರೂಟ್ ಅಧಿಕಾರದಲ್ಲಿ ಓಡಿದ್ರೂ ಇರೋದು ನಿಮ್ಮ ಚೀಲದಲ್ಲೇ. ಬ್ಯಾಕಪ್ಪಿಗೆ ಬಿಟ್ಟಿದ್ದ ದೊಡ್ಡ ಕೆಲ್ಸ ಮಧ್ಯದಲ್ಲಿ ಸತ್ತು ಬಿದ್ದಿತ್ತು, ಯಾರು ಕೊಂದ್ರು ಅಂತ ಹುಡುಕಿದ್ರೆ ನಾನೇ. ಅದಕ್ಕೆ 'ಯೂಸರ್-0.ಸ್ಲೈಸ್.ಡಿ' ಮತ್ತೆ ನಿಮ್ಮ ಯುಐಡಿದು, ಮೊದಲ ಅಕೌಂಟಾದ್ರೆ 'ಯೂಸರ್-1000.ಸ್ಲೈಸ್.ಡಿ', ಎರಡೂ ಮಾಡಿ ಒಳಗೆ '99-ಅಡ್ಮಿನ್.ಕಾನ್ಫ್' ಇಟ್ಟು ಮೆಮೊರಿ, ಸ್ವಾಪ್, ಟಾಸ್ಕ್ ಸಾಲುಗಳಿಗೆಲ್ಲ 'ಇನ್ಫಿನಿಟಿ' ಅಂತ ಕೊಡಿ. 99 ಯಾಕಂದ್ರೆ ಫೋಲ್ಡರ್ ಯಾವ್ದೇ ಆಗಿರ್ಲಿ ಫೈಲ್ ಹೆಸರಿನ ಅನುಕ್ರಮದಲ್ಲೇ ಓದೋದು, ಕೊನೇಲಿ ಓದಿದ್ದು ನಿಲ್ಲತ್ತೆ.

ಚೀಲಕ್ಕೆ ತೂತುಗಳೂ ಇವೆ. ಉಬುಂಟುಲಿ ಕ್ರಾನ್ ಕೆಲಸಗಳು (ಹೊತ್ತು ಗೊತ್ತು ಮಾಡಿ ತಾನಾಗೇ ಓಡೋಕೆ ಬಿಟ್ಟಿರೋವು) ಯೂಸರ್ ಸ್ಲೈಸ್ ಒಳಗೆ ಬರಲ್ಲ, ಕ್ರಾನ್ ಸರ್ವಿಸ್ಸಿನ ಅಡಿಯಲ್ಲೇ ಓಡ್ತವೆ, ಲಿಮಿಟ್ಸ್.ಕಾನ್ಫ್ ತಗಲತ್ತೆ ಆದ್ರೆ ಮೆಮೊರಿಮ್ಯಾಕ್ಸ್ ತಗಲಲ್ಲ. '/ಇಟಿಸಿ/ಕ್ರಾನ್.ಅಲೌ' ಫೈಲ್ ಮಾಡಿ ಬೇಕಾದೋರ ಹೆಸ್ರು ಮಾತ್ರ ಬರ್ದಿಡಿ, ಮಿಕ್ಕವ್ರಿಗೆ ಕ್ರಾನೇ ಇಲ್ಲ. ಡಾಕರ್ ಗ್ರೂಪಿಗೆ ಸೇರಿಸಿದೋರ ಕಂಟೇನರ್‌ಗಳೂ ಹಂಗೇ ಹೊರಗಡೆ ಓಡ್ತವೆ, ಅದಿರ್ಲಿ, ಡಾಕರ್ ಗ್ರೂಪ್ ಕೊಡೋದೂ ರೂಟ್ ಕೊಡೋದೂ ಒಂದೇ, ಸ್ಟುಡೆಂಟಿಗೆ ಯಾವ ಕಾರಣಕ್ಕೂ ಕೊಡ್ಬೇಡಿ. '/ಡೆವ್/ಎಸ್‌ಎಚ್‌ಎಂ' ಒಳಗೆ ಫೈಲ್ ಇಟ್ರೆ ಅದೂ ರ್ಯಾಮೇ, ಇಟ್ಟವನ ಲೆಕ್ಕಕ್ಕೇ ಬೀಳತ್ತೆ, ಆದ್ರೆ ಪ್ರೋಗ್ರಾಮ್ ಕೊಂದ್ರೂ ಫೈಲ್ ಹೋಗಲ್ಲ. ಯಾರದ್ದೋ ಪದೇ ಪದೇ ಸಾಯ್ತಿದ್ರೆ ಅಲ್ಲಿ ಒಂದ್ಸಲ ಇಣುಕಿ ನೋಡಿ.

ಡಿಸ್ಕ್ ವಿಷ್ಯ ಬೇಗ ಮುಗಿಸ್ತೀನಿ, ಇದು ನೇರ ಇದೆ. ಹೋಮ್ ಬೇರೆ ಪಾರ್ಟಿಶನ್ ಆಗಿದ್ದು ಇಎಕ್ಸ್‌ಟಿ4 ಇದ್ರೆ, 'ಕೋಟಾ' ಪ್ಯಾಕೇಜ್ ಹಾಕಿ, ಎಫ್‌ಎಸ್‌ಟ್ಯಾಬಲ್ಲಿ ಹೋಮ್ ಸಾಲಿನ ಆಪ್ಷನ್‌ಗೆ 'ಯುಎಸ್‌ಆರ್‌ಕೋಟಾ' ಸೇರಿಸಿ ರೀಮೌಂಟ್ ಮಾಡಿ, 'ಕೋಟಾಚೆಕ್ -ಸಿಯುಎಂ /ಹೋಮ್', ಆಮೇಲೆ 'ಕೋಟಾಆನ್ /ಹೋಮ್'. ಎಕ್ಸ್‌ಎಫ್‌ಎಸ್ ಆದ್ರೆ ರೀಮೌಂಟ್ ನಡೆಯಲ್ಲ, 'ಯುಕೋಟಾ' ಆಪ್ಷನ್ ಹಾಕಿ ಪೂರ್ತಿ ಕಳಚಿ ಮತ್ತೆ ಮೌಂಟ್ ಮಾಡ್ಬೇಕು, ಕೋಟಾಚೆಕ್ ಅದಕ್ಕೆ ಬೇಡ. ಲ್ಯಾಬ್‌ಮಾದರಿ ಅಂತ ಒಂದು ಡಮ್ಮಿ ಯೂಸರ್ ಮಾಡಿ 'ಸೆಟ್‌ಕೋಟಾ -ಯು ಲ್ಯಾಬ್‌ಮಾದರಿ 5242880 6291456 150000 200000 /ಹೋಮ್' ಕೊಡಿ. ಮೊದಲೆರಡು ಕೆಬಿ ಲೆಕ್ಕದಲ್ಲಿ 5 ಮತ್ತೆ 6 ಜಿಬಿ, ಮುಂದಿನೆರಡು ಫೈಲುಗಳ ಸಂಖ್ಯೆ. ಫೈಲ್ ಸಂಖ್ಯೆಗೆ ಲಿಮಿಟ್ ಯಾಕಂದ್ರೆ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಂದ್ಸಲ ತೆರೆದು ನೋಡಿದೋರಿಗೆ ಗೊತ್ತು. ಇಲ್ಲಿ ಸಾಫ್ಟ್ ದಾಟಿದ್ರೆ 7 ದಿನ ಸಮಯ ಸಿಗತ್ತೆ, ಅಷ್ಟರಲ್ಲಿ ಅಳಿಸ್ಲಿಲ್ಲ ಅಂದ್ರೆ ಸಾಫ್ಟೇ ಹಾರ್ಡ್ ತರ ಆಗೋಗತ್ತೆ, ಹೊಸದೇನೂ ಬರೆಯೋಕಾಗಲ್ಲ. ಮಿಕ್ಕವ್ರಿಗೆಲ್ಲ 'ಎಡ್‌ಕೋಟಾ -ಪಿ ಲ್ಯಾಬ್‌ಮಾದರಿ' ಆದ್ಮೇಲೆ ಅವರವರ ಹೆಸ್ರು, ಅದೇ ಲೆಕ್ಕ ಕಾಪಿ ಆಗತ್ತೆ. ಯಾರು ಎಷ್ಟು ತುಂಬ್ಸಿದಾರೆ ಅಂತ 'ರೆಪ್‌ಕೋಟಾ -ಎಸ್ /ಹೋಮ್'. ಹೋಮಿಗೆ ಕಟ್ಟಿದ ತಕ್ಷಣ ಎಲ್ಲರೂ ಟೆಂಪ್ ಫೋಲ್ಡರಿಗೆ ಗುಳೆ ಹೋಗ್ತಾರೆ, ಅದಕ್ಕೂ ಹಾಕಿ ಇಲ್ಲಾ ಬೇರೆ ಪಾರ್ಟಿಶನ್ ಮಾಡಿ.

ಎಲ್ಲಾ ಆದ್ಮೇಲೆ ಪರೀಕ್ಷೆ ಮಾಡದೇ ಬಿಡ್ಬೇಡಿ, ಹುಡುಗ್ರು ಇಲ್ಲದ ಹೊತ್ತಲ್ಲಿ. ಡಮ್ಮಿ ಯೂಸರನ್ನ ಸ್ಟುಡೆಂಟ್ಸ್ ಗ್ರೂಪಿಗೆ ಸೇರ್ಸಿ ಹೊಸದಾಗಿ ಎಸ್‌ಎಸ್‌ಎಚ್ ಮಾಡಿ, 'ಸ್ಟ್ರೆಸ್-ಎನ್‌ಜಿ --ವಿಎಂ 2 --ವಿಎಂ-ಬೈಟ್ಸ್ 6ಜಿ' ಬಿಡಿ, ಇನ್ನೊಂದು ವಿಂಡೋದಲ್ಲಿ 'ಸಿಸ್ಟಮ್‌ಡಿ-ಸಿಜಿಟಾಪ್' ನೋಡ್ತಿರಿ, ಆ ಸ್ಲೈಸು ಮೂರು ಜಿಬಿ ಹತ್ರ ಏದುಸಿರು ಬಿಡೋದು ಕಾಣತ್ತೆ. ಆಮೇಲೆ ಆ ಪುಣ್ಯಾತ್ಮನ ವೈಲ್ ಲೂಪ್ ಪ್ರೋಗ್ರಾಮನ್ನೇ ಓಡ್ಸಿ. ನಾನು ಅದನ್ನ ಇಟ್ಕೊಂಡಿದೀನಿ, ಈಗ 300 ದಾಟಿದ ಕೂಡ್ಲೇ ಫೋರ್ಕ್ ಫೇಲ್ ಅಂತ ಸಾಲುಸಾಲು ಬೀಳತ್ತೆ, ಪಕ್ಕದ ವಿಂಡೋ ಓಡ್ತಾನೇ ಇರತ್ತೆ. ನಿಲ್ಲಿಸೋಕೆ ರೂಟಿಂದ 'ಸಿಸ್ಟಮ್‌ಸಿಟಿಎಲ್ ಕಿಲ್ -ಎಸ್ ಕಿಲ್' ಆದ್ಮೇಲೆ ಸ್ಲೈಸ್ ಹೆಸ್ರು (ಎರಡನೇ ಕಿಲ್ ಕ್ಯಾಪಿಟಲ್), ಚೀಲ ಪೂರ್ತಿ ಒಂದೇ ಏಟಿಗೆ ಖಾಲಿ.

ಹೊಸ ಬ್ಯಾಚ್ ಬಂದಾಗ ಲಿಮಿಟ್ಟು, ಸ್ಲೈಸು ಎರಡೂ ತಾನಾಗೇ ಆಗತ್ತೆ, ಗ್ರೂಪಿಗೆ ಸೇರಿಸಿದ್ರೆ ಸಾಕು. ಡಿಸ್ಕ್ ಕೋಟಾ ಮಾತ್ರ ಮರ್ತೋಗತ್ತೆ. '/ಇಟಿಸಿ/ಆಡ್‌ಯೂಸರ್.ಕಾನ್ಫ್'ನಲ್ಲಿ 'ಕೋಟಾಯೂಸರ್' ಅಂತ ಪೂರ್ತಿ ಕ್ಯಾಪಿಟಲ್ಲಿನ ಸಾಲಿದೆ, ಅದರ ಮುಂದೆ ಲ್ಯಾಬ್‌ಮಾದರಿ ಅಂತ ಹಾಕಿಟ್ರೆ ಆಡ್‌ಯೂಸರ್ ಕಮಾಂಡಲ್ಲಿ ಮಾಡೋ ಪ್ರತಿ ಹೊಸ ಅಕೌಂಟಿಗೂ ಅದೇ ಕಾಪಿ ಮಾಡ್ಕೊಳತ್ತೆ. ಯೂಸರ್‌ಆಡ್ ಬಳಸಿದ್ರೆ ಆಗಲ್ಲ, ಅದು ಬೇರೆ ಕಮಾಂಡು, ಈ ಫೈಲ್ ಓದಲ್ಲ.